ಕೂರಬಾರದ ವಾರ್ಡು

ಯಾರಿಗೆ ಯಾವ ವಾರ್ಡು, ಯಾವ ಪಾಳಿ ಎಂದು ನೋಟಿಸ್ ಬೋರ್ಡಿಗೆ ಹಚ್ಚಿದ ದಿನ ನರ್ಸಿಂಗ್ ಕಾಲೇಜಿನ ಕಾರಿಡಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನನಗೆ ಮಕ್ಕಳ ವಾರ್ಡಿನ ಮೇಲೆ ಕಣ್ಣಿತ್ತು. ಸಿಕ್ಕಿದ್ದು ಹೆಂಗಸರ ಮೆಡಿಕಲ್ ವಾರ್ಡು, ಬೆಳಗಿನ ಪಾಳಿ. ನನ್ನ ಗೆಳತಿಗೂ ಅದೇ ಬಿದ್ದಿತ್ತು. ಯಾವತ್ತೂ ಹೊತ್ತು ತಪ್ಪದ ಅವಳನ್ನು ನಾವೆಲ್ಲ ಗಡಿಯಾರ ಎಂದೇ ಕರೆಯುತ್ತಿದ್ದೆವು. ಅವಳು ತನ್ನ ಸಾಲನ್ನು ಓದಿ, ನನ್ನದನ್ನೂ ಓದಿ, "ಕೆಟ್ವಿ ಕಣೇ. ಅಲ್ಲಿ ಕಂಬ ಇದ್ದಾರೆ" ಅಂದಳು.

ಕಂಬ ಎಂದರೆ ಆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ನಮಗಿಂತ ಹಿಂದಿನವರು ಇಟ್ಟ ಹೆಸರು, ಸರಿಯಾಗಿಯೇ ಇಟ್ಟಿದ್ದರು. ಪಾಳಿ ಶುರುವಾದಾಗಿನಿಂದ ಮುಗಿಯುವ ತನಕ ಆಕೆ ಕೂತದ್ದನ್ನು ಕಂಡವರಿಲ್ಲ. ತಾನು ಕೂರುವುದಿಲ್ಲ, ವಿದ್ಯಾರ್ಥಿಗಳನ್ನು ಕೂರಗೊಡುವುದೂ ಇಲ್ಲ. ಬೆಳಗ್ಗೆ ನಾವು ಒಳಗೆ ಕಾಲಿಡುತ್ತಲೇ ರೋಗಿಗಳ ಕಡೆಯವರು ಕೂರುವ ಸ್ಟೂಲುಗಳನ್ನೆಲ್ಲ ಸ್ಟೋರಿಗೆ ಹಾಕಿಸಿ, ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಸಂಜೆ ನೋಡಲು ಬರುವವರ ಹೊತ್ತಿಗೇ ಅದು ಮತ್ತೆ ತೆರೆಯುವುದು.

ಮೊದಲ ವಾರ ಕಾಲಿನದೇ ಕಥೆ. ಹೊಸ ಬಿಳಿ ಶೂ ಕಚ್ಚಿ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿತು. ಗಡಿಯಾರ ಹಾಸ್ಟೆಲಿನಲ್ಲಿ ಕಾಲನ್ನು ಗೋಡೆಗೆ ಮೇಲೆತ್ತಿ ಮಲಗಿ ಓದುತ್ತಿದ್ದಳು. ನೋವನ್ನು ಹೇಗೋ ಸಹಿಸಬಹುದು. ನನಗೆ ಸಹಿಸಲಾಗದ್ದು ಕಾರಣವಿಲ್ಲದ ಕಟ್ಟಳೆ. ಬರೆಯುವ ಕೆಲಸವನ್ನಾದರೂ ಕೂತು ಮಾಡಬಾರದೇಕೆ ಎಂದು ಎರಡನೇ ದಿನವೇ ಕೇಳಿದೆ. ರೋಗಿ ನರಳುವ ಕಡೆ ನರ್ಸ್ ಕೂತರೆ ಜನ ಸೋಮಾರಿ ಅನ್ನುತ್ತಾರೆ, ತಾನು ಈ ವಾರ್ಡಿಗೆ ಬಂದಾಗಿನಿಂದ ಇಲ್ಲಿ ಯಾವ ಹುಡುಗಿಯೂ ಕೂತಿಲ್ಲ, ಇನ್ನು ಕೂರುವುದೂ ಇಲ್ಲ ಎಂದರು. ಇದು ಉತ್ತರವೇ? ನನಗೆ ಮೈ ಉರಿಯಿತು. ಗಡಿಯಾರ ಹಿಂದಿನಿಂದ ನನ್ನ ಏಪ್ರನ್ ಜಗ್ಗಿದ್ದಕ್ಕೆ ಸುಮ್ಮನಾದೆ.

ಈ ಉರಿ ಇವತ್ತಿನದಲ್ಲ. ಅಮ್ಮ ಹೋದಮೇಲೆ ನನ್ನನ್ನು ಸಾಕಿದವಳು ಅಕ್ಕ. ಅವಳು ದೊಡ್ಡದೊಂದು ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸದವಳು. ಅಲ್ಲಿಯೂ ಕೂರುವಂತಿಲ್ಲ. ಗಿರಾಕಿ ಇರಲಿ ಬಿಡಲಿ, ಕೌಂಟರಿನ ಹಿಂದೆ ನಗುನಗುತ್ತಾ ನಿಂತಿರಬೇಕು. ಸಂಜೆ ಮನೆಗೆ ಬಂದವಳೇ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು, ಉಬ್ಬಿದ ನರಗಳನ್ನು ಯಾರದೋ ಕಾಲೇನೋ ಎಂಬಂತೆ ನೋಡುತ್ತಾ ಕೂರುತ್ತಾಳೆ. ಒಮ್ಮೆ ಮಡಚುವ ಸ್ಟೂಲೊಂದನ್ನು ಕೊಂಡು ಅಂಗಡಿಗೆ ಒಯ್ದಳು. ಹಾಗೆ ಕೂತರೆ ಅಂಗಡಿಯ ಮರ್ಯಾದೆ ಏನಾಗಬೇಕು ಎಂದು ಮ್ಯಾನೇಜರ್ ಅದೇ ದಿನ ವಾಪಸ್ ಕಳಿಸಿದ. ಅಂದಿನಿಂದ ಅದು ನಮ್ಮ ಮನೆಯ ಬಾಗಿಲ ಹಿಂದೆ ಕೊಡೆ, ಚೀಲಗಳನ್ನು ಹೊತ್ತು ನಿಂತಿದೆ. ನನಗೆ ಕೆಲಸ ಸಿಕ್ಕ ದಿನ ಅಕ್ಕ ಆ ಅಂಗಡಿ ಬಿಡುವುದು ಎಂದು ನಮ್ಮಿಬ್ಬರ ನಡುವೆ ಮಾತಾಗಿತ್ತು. ಹೊರಡುವಾಗ ಮ್ಯಾನೇಜರನಿಗೆ ಏನು ಹೇಳಬೇಕೆಂಬುದನ್ನೂ ಅವಳು ಆಗಲೇ ಬಾಯಿಪಾಠ ಮಾಡಿಟ್ಟುಕೊಂಡಿದ್ದಳು. ಅದನ್ನು ಇಲ್ಲಿ ಬರೆಯುವಂತಿಲ್ಲ.

ವಾರ್ಡಿನಲ್ಲಿ ನನ್ನ ಪಾಲಿಗೆ ಬಂದದ್ದು ಕಿಟಕಿಯ ಪಕ್ಕದ ಹಾಸಿಗೆಯ ಅಜ್ಜಿ. ಲಕ್ವ ಹೊಡೆದು ಅವರ ಬಲಭಾಗವೂ ಮಾತೂ ಹೋಗಿದ್ದವು. ಎಡಗೈ ಮಾತ್ರ ಗಟ್ಟಿಯಿತ್ತು. ಯಾರಾದರೂ ಹತ್ತಿರ ಹೋದರೆ ಆ ಕೈಯನ್ನು ಎತ್ತಿ, ಅಂಗೈ ಕೆಳಗೆ ಮಾಡಿ, ಗಾಳಿಯನ್ನು ಮೆತ್ತಗೆ ಅದುಮುತ್ತಿದ್ದರು. ಮಂಚ ತಗ್ಗಿಸು ಅನ್ನುತ್ತಿದ್ದಾರೆಂದು ಆಯಾ ಮಂಚ ತಗ್ಗಿಸಿದಳು. ಫ್ಯಾನ್ ಕಡಿಮೆ ಮಾಡು ಅನ್ನುತ್ತಿದ್ದಾರೆಂದು ಗಡಿಯಾರ ಫ್ಯಾನ್ ಕಡಿಮೆ ಮಾಡಿದಳು. ಪ್ರತಿ ಸಲವೂ ಅಜ್ಜಿ, ಎಂಥಾ ದಡ್ಡರು ಗಂಟುಬಿದ್ದರಪ್ಪ ಎನ್ನುವಂತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ನಾನು ನಿಂತುಕೊಂಡು ಅವರಿಗೆ ಗಂಜಿ ಕುಡಿಸುತ್ತಿದ್ದೆ. ನನ್ನ ಮುಖ ನೋಡಲು ಅಜ್ಜಿ ಕತ್ತೆತ್ತಿದರು, ಗಲ್ಲ ಮೇಲಾಯಿತು, ಗಂಜಿ ಉಸಿರಿನ ದಾರಿ ಹಿಡಿಯಿತು. ಕೆಮ್ಮಿ ಕೆಮ್ಮಿ ತುಟಿ ನೀಲಿಯಾಯಿತು. ನಾನು ಕೂಗಿಕೊಂಡೆ. ಎಲ್ಲರೂ ಓಡಿ ಬಂದು ಬಾಗಿಸಿ, ಬೆನ್ನು ತಟ್ಟಿ, ಗಂಟಲಲ್ಲಿ ಇದ್ದದ್ದನ್ನು ಮೆಷಿನ್ನಿನಿಂದ ಎಳೆದು ತೆಗೆದರು. ಡಾಕ್ಟರು, ಇನ್ನೊಮ್ಮೆ ಹೀಗಾದರೆ ಅಥವಾ ಬಾಯಿಂದ ಹೊಟ್ಟೆಗೆ ಸಾಕಷ್ಟು ಹೋಗದಿದ್ದರೆ ಮೂಗಿನಿಂದ ಟ್ಯೂಬ್ ಹಾಕಿಬಿಡಿ ಎಂದು ಹೇಳಿ ಹೋದರು. ಅಜ್ಜಿ ಅದನ್ನು ಕೇಳಿಸಿಕೊಂಡರು. ಮಾತು ಹೋಗಿತ್ತೇ ಹೊರತು ಕಿವಿ ಹೋಗಿರಲಿಲ್ಲ. ಎಡಗೈ ಮೂಗನ್ನು ಮುಚ್ಚಿಕೊಂಡಿತು.

ಲಕ್ವದ ರೋಗಿಗೆ ಉಣಿಸುವಾಗ ನಮ್ಮ ಕಣ್ಣು ಅವರ ಕಣ್ಣಿನ ಮಟ್ಟಕ್ಕಿರಬೇಕು, ಗಲ್ಲ ಎದೆಯ ಕಡೆ ಬಾಗಿರಬೇಕು ಎಂದು ಕಾಲೇಜಿನಲ್ಲಿ ಗೊಂಬೆ ಮಲಗಿಸಿ ಕಲಿಸಿದ್ದರು. ಹಾಗೆಂದರೆ ಉಣಿಸುವವಳು ಕೂರಬೇಕು. ಈ ಬಿಳಿ ಶೂ ಹಾಕುವುದಕ್ಕೂ ಮೊದಲು ಕಲಿತದ್ದು ಅದು. ಪುಸ್ತಕದಲ್ಲಿ ಇದ್ದದ್ದನ್ನು ವಾರ್ಡಿನಲ್ಲಿ ಮಾಡಬಾರದು ಎಂದಾದರೆ ನಮ್ಮನ್ನು ಇಲ್ಲಿಗೆ ಕಳಿಸುವುದಾದರೂ ಯಾತಕ್ಕೆ?

ಮರುದಿನ ಸ್ಟೂಲು ಕೇಳಿದೆ. ಕಂಬ ನನ್ನ ಕಡೆ ತಿರುಗಲೂ ಇಲ್ಲ, ನಿಂತು ಬಾಗಿ ಉಣಿಸು ಎಂದರು. ನಾನು ಮೂಲೆಯಲ್ಲಿದ್ದ ಸಲೈನ್ ಬಾಟಲಿ ತುಂಬಿದ ರಟ್ಟಿನ ಪೆಟ್ಟಿಗೆಯನ್ನು ಎಳೆದುಕೊಂಡು ಬಂದು ಅದರ ಮೇಲೆ ಕೂತೆ. ಅಜ್ಜಿಯ ಕೈ ಗಾಳಿ ಅದುಮುವುದನ್ನು ನಿಲ್ಲಿಸಿತು. ಅವರು ನನ್ನನ್ನು ನೇರ ನೋಡಿದರು, ಗಲ್ಲ ತಗ್ಗಿಸಿದರು, ಚಮಚಕ್ಕೆ ಬಾಯಿ ತೆರೆದರು. ಒಂದೂ ಕೆಮ್ಮಿಲ್ಲ. ಅರ್ಧ ಬಟ್ಟಲು ಇಳಿಯುವಷ್ಟರಲ್ಲಿ ಬೀಗದ ಕೈಯ ಸದ್ದು ಹತ್ತಿರ ಬಂತು.

"ರೋಗಿಗೆ ಹಾಕೋ ಸಲೈನ್ ಮೇಲೆ ಕೂತಿದ್ದೀಯಲ್ಲ, ಏಳು."

ಆ ಒಂದು ಮಾತಿನಲ್ಲಿ ನ್ಯಾಯವಿತ್ತು, ಎದ್ದೆ. ಆಮೇಲಿನದರಲ್ಲಿ ಇರಲಿಲ್ಲ. ಇನ್ನೊಮ್ಮೆ ಕೂತದ್ದು ಕಂಡರೆ ವಾರ್ಡಿನಿಂದ ಹೊರಗೆ. ಪೋಸ್ಟಿಂಗ್ ಅರ್ಧಕ್ಕೆ ನಿಂತಂತೆ. ರಜೆಯಲ್ಲಿ ಮೊದಲಿನಿಂದ ಮಾಡಬೇಕು, ಸರ್ಟಿಫಿಕೇಟು ಎಲ್ಲರ ಜೊತೆ ಸಿಗುವುದಿಲ್ಲ ಎಂದರು. ಉಳಿದ ಗಂಜಿಯನ್ನು ಅಜ್ಜಿ ಮುಟ್ಟಲಿಲ್ಲ.

ಪಾಳಿ ಮುಗಿಯುವಾಗ ಅಜ್ಜಿಯ ಸೊಸೆ ಒಗೆದ ಬಟ್ಟೆ ತಂದಿದ್ದರು. ಆ ಕೈಸನ್ನೆ ಏನೆಂದು ಕೇಳಿದೆ. ಆಕೆ ನಗುತ್ತಾ, ಅತ್ತೆ ಜೀವಮಾನವೆಲ್ಲ ಒಂದನೇ ಕ್ಲಾಸಿಗೆ ಪಾಠ ಮಾಡಿದವರು, ಎದ್ದು ನಿಂತ ಮಕ್ಕಳನ್ನು ಹಾಗೇ ಕೂರಿಸುತ್ತಿದ್ದರು ಎಂದರು. ಹಾಗಾದರೆ ಇಷ್ಟು ದಿನವೂ ಅವರು ನಮ್ಮೆಲ್ಲರಿಗೂ ಹೇಳುತ್ತಿದ್ದದ್ದು ಒಂದೇ ಮಾತು: ಕೂತ್ಕೋ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಲೆಕ್ಕ. ನಾನು ಕೂತರೆ ನನ್ನ ಸರ್ಟಿಫಿಕೇಟು ತಡವಾಗುತ್ತದೆ. ಅದು ತಡವಾದರೆ ಅಷ್ಟು ತಿಂಗಳು ಅಕ್ಕ ನಿಂತಿರಬೇಕು. ನನ್ನ ಹಟಕ್ಕೆ ಅವಳ ಕಾಲು ಬೆಲೆ ತೆರಬೇಕೇ? ಹಟ ಬಿಟ್ಟರೆ ಅಜ್ಜಿಯ ಮೂಗಿಗೆ ಟ್ಯೂಬು. ಮನೆಗೆ ಹೋದವಳೇ ಬಕೆಟ್ಟಿನ ಪಕ್ಕ ನೆಲದ ಮೇಲೆ ಕೂತು ಎಲ್ಲವನ್ನೂ ಒಪ್ಪಿಸಿದೆ. ಬೈಯುತ್ತಾಳೆ, ಬೈದರೆ ಬಾಲ ಮುದುರಿಕೊಂಡು ನಿಂತೇ ಉಣಿಸುತ್ತೇನೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅವಳು ಬೈಯಲಿ ಎಂದೇ ಕಾಯುತ್ತಿದ್ದೆ.

ಅಕ್ಕ ನೀರಿನಿಂದ ಕಾಲು ತೆಗೆದು ಒರೆಸಿಕೊಂಡಳು. ಬಾಗಿಲ ಹಿಂದೆ ಹೋಗಿ ಸ್ಟೂಲಿನ ಮೇಲಿದ್ದ ಕೊಡೆ, ಚೀಲಗಳನ್ನು ಕೆಳಗಿಟ್ಟಳು, ಅದರ ಧೂಳು ಒರೆಸಿದಳು, ಮಡಚಿ ನನ್ನ ಮುಂದೆ ಇಟ್ಟಳು.

"ನಾನು ಇಷ್ಟು ವರ್ಷ ನಿಂತಿದ್ದು ನೀನೂ ನಿಂತಿರ್ಲಿ ಅಂತ ಅಲ್ಲ" ಅಂದಳು. "ಹೋಗಿ ಕೂತ್ಕೋ."

ಮರುದಿನ ಸ್ಟೂಲನ್ನು ಕಂಕುಳಲ್ಲಿಟ್ಟುಕೊಂಡು ವಾರ್ಡಿಗೆ ಹೋದೆ. ಗಡಿಯಾರ ನೋಡಿದವಳೇ, ನಿನಗೆ ತಲೆ ಕೆಟ್ಟಿದೆ ಎಂದಳು. ಮಧ್ಯಾಹ್ನದ ಊಟದ ಗಾಡಿ ಬಂದಾಗ, ಎಲ್ಲರ ಕಣ್ಣೆದುರೇ ಅದನ್ನು ಬಿಚ್ಚಿ ಅಜ್ಜಿಯ ಪಕ್ಕ ಹಾಕಿ ಕೂತೆ. ಎರಡು ಚಮಚ ಹೋಗಿರಬೇಕು. ಕಂಬ ಬಂದು ನಿಂತರು.

"ನಿನ್ನೆ ಹೇಳಿದ್ದು ಮರೆತು ಹೋಯ್ತಾ?"

"ಇಲ್ಲ ಸಿಸ್ಟರ್. ಅಜ್ಜಿ ಊಟ ಮುಗೀಲಿ, ಏಳ್ತೀನಿ."

ಕಂಬ ದನಿ ಏರಿಸಲಿಲ್ಲ. ಅವರು ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು, ನಿನ್ನ ಪೋಸ್ಟಿಂಗ್ ಇಲ್ಲಿಗೆ ಮುಗಿಯಿತು, ಹೊರಗೆ ನಡಿ, ನಿಂತು ಉಣಿಸುವುದು ಹೇಗೆಂದು ಬಾಗಿಲಿಂದಲೇ ನೋಡಿಕೊಂಡು ಹೋಗು ಎಂದರು. ನಾನು ಸ್ಟೂಲು ಮಡಚಿಕೊಂಡು ಬಾಗಿಲ ತನಕ ಹೋದೆ. ಹೊಸಿಲು ದಾಟಲಿಲ್ಲ. ಕಣ್ಣು ತುಂಬಿ ಬರುತ್ತಿತ್ತು, ಅದು ಅಳುವಲ್ಲ, ಸಿಟ್ಟು.

ಕಂಬ ಮಂಚದ ಪಕ್ಕ ನಿಂತು, ಸೊಂಟ ಬಗ್ಗಿಸಿ ಚಮಚ ಮುಂದೆ ಹಿಡಿದರು. ಅಜ್ಜಿ ಬಾಯಿ ಬಿಗಿದರು. ಎಡಗೈ ಎದ್ದಿತು. ಅಂಗೈ ಕೆಳಗೆ ಮಾಡಿ ಗಾಳಿಯನ್ನು ಮೆಲ್ಲಗೆ ಅದುಮಿತು. ಬಾಯಿ ತೆರೆಯಿರಿ ಅಜ್ಜಿ ಎಂದು ಕಂಬ ರಮಿಸಿದರು. ಕೈ ಮತ್ತೆ ಅದುಮಿತು. ತಿನ್ನದಿದ್ದರೆ ಟ್ಯೂಬ್ ಹಾಕಬೇಕಾಗುತ್ತದೆ ಎಂದು ಹೆದರಿಸಿದರು. ಅಜ್ಜಿಯ ಕಣ್ಣಲ್ಲಿ ಹೆದರಿಕೆ ಕಂಡಿತು, ನಾನು ನೋಡಿದೆ. ಆದರೂ ತುಟಿ ಬಿಚ್ಚಲಿಲ್ಲ. ಕೈ ಕೆಳಗಿಳಿಯಲಿಲ್ಲ.

ನನಗೆ ಇನ್ನು ತಡೆಯಲಾಗಲಿಲ್ಲ. ಬಾಗಿಲಿಂದಲೇ ಹೇಳಿದೆ: "ಅವರು ಒಂದನೇ ಕ್ಲಾಸ್ ಟೀಚರ್, ಸಿಸ್ಟರ್. ನಿಮಗೆ ಕೂತ್ಕೋ ಅಂತಿದ್ದಾರೆ."

ಕಂಬ ನನ್ನ ಕಡೆ ನೋಡಲಿಲ್ಲ. ಆ ಕೈಯನ್ನೇ ನೋಡುತ್ತಾ ನಿಂತರು. ಬಗ್ಗಿದ ಸೊಂಟ ನಡುಗುತ್ತಿತ್ತು, ಬಟ್ಟಲನ್ನು ಮಂಚದ ಮೇಲಿಟ್ಟು ಒಂದು ಕೈಯಲ್ಲಿ ಮೊಣಕಾಲನ್ನು ಒತ್ತಿ ಹಿಡಿದಿದ್ದರು. ಅಷ್ಟು ವರ್ಷ ನಿಂತ ಕಾಲುಗಳು ಎಂಥವಿರುತ್ತವೆ ಎಂದು ನನಗೆ ಹೊಸದಾಗಿ ಯಾರೂ ಹೇಳಬೇಕಿರಲಿಲ್ಲ. ದಿನಾ ಸಂಜೆ ಬಕೆಟ್ಟಿನಲ್ಲಿ ನೋಡುತ್ತಿದ್ದೆ. ಆದರೂ ನಾನಾಗಿ ಸ್ಟೂಲು ಒಯ್ದು ಕೊಡಲಿಲ್ಲ. ಕೇಳಲಿ ಎಂದು ನಿಂತೆ.

"ಅದನ್ನ ಇಲ್ಲಿ ಹಾಕು" ಅಂದರು ಕೊನೆಗೆ.

ಹಾಕಿದೆ. ಅವರು ಮಂಚದ ಕಂಬಿ ಹಿಡಿದು ನಿಧಾನ ಇಳಿದು ಕೂತರು, ಮೊಣಕಾಲು ಲಟಕ್ಕೆಂದದ್ದು ನನಗೂ ಕೇಳಿತು. ಅಜ್ಜಿಯ ಕೈ ಹಾಸಿಗೆಯ ಮೇಲೆ ಇಳಿಯಿತು. ಗಲ್ಲ ತಗ್ಗಿತು, ಬಾಯಿ ತೆರೆಯಿತು. ಬಟ್ಟಲು ಖಾಲಿಯಾದಮೇಲೂ ಕಂಬ ಸ್ವಲ್ಪ ಹೊತ್ತು ಎದ್ದೇಳಲಿಲ್ಲ. ಇಡೀ ವಾರ್ಡಿನಲ್ಲಿ ಯಾರೂ ನಗಲಿಲ್ಲ.

ಇದರಿಂದ ಅವರ ಮನಸ್ಸು ಕರಗಿತು ಎಂದುಕೊಂಡರೆ ತಪ್ಪು. ಹೇಳಿದ ಮಾತು ಮೀರಿದ್ದಕ್ಕೆ ಶಿಕ್ಷೆ ಶಿಕ್ಷೆಯೇ ಎಂದು ಪೋಸ್ಟಿಂಗ್ ಅಪೂರ್ಣವೆಂದು ಕಾಲೇಜಿಗೆ ತಿಳಿಸಿಬಿಟ್ಟರು. ಎಲ್ಲರೂ ರಜೆಗೆ ಹೋಗುವಾಗ ನಾನು ಅದೇ ವಾರ್ಡಿಗೆ ಬರಬೇಕು. ಬರುತ್ತೇನೆ, ಬಂದು ಕೂರುತ್ತೇನೆ ಎಂದೆ. ಅದಕ್ಕೆ ಅವರು, ಸ್ಟೂಲನ್ನು ಮಾತ್ರ ಇಲ್ಲೇ ಬಿಟ್ಟು ಹೋಗು, ನಾಳೆ ಮಧ್ಯಾಹ್ನದ ಊಟಕ್ಕೆ ಬೇಕು ಎಂದರು.

"ಇದು ನಮ್ಮಕ್ಕಂದು" ಅಂದೆ. "ವಾರ್ಡಿಗೆ ಬೇಕಾದ್ರೆ ಸ್ಟೋರ್ ಬೀಗ ತೆಗೀರಿ ಸಿಸ್ಟರ್."

ಅವರು ನನ್ನನ್ನು ನುಂಗುವಂತೆ ನೋಡಿದರು. ಆಮೇಲೆ ಸೊಂಟಕ್ಕೆ ಕೈಹಾಕಿ ಬೀಗದ ಕೈ ಬಿಚ್ಚಿ ಗಡಿಯಾರಳ ಕೈಗೆ ಕೊಟ್ಟರು. ಅವಳು ಓಡಿದ ವೇಗ ನೋಡಬೇಕಿತ್ತು.

ಮನೆಯಲ್ಲಿ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ತಡವಾಗುವ ತಿಂಗಳುಗಳ ಮಾತು ಬಂದಾಗ ನನ್ನ ದನಿ ಇಳಿಯಿತು. ಅವಳು ಅದನ್ನು ಕೇಳಲೇ ಇಲ್ಲವೇನೋ ಎನ್ನುವಂತೆ, ಅಜ್ಜಿ ಪೂರ್ತಿ ಉಂಡರಾ ಎಂದಳು. ಪೂರ್ತಿ ಎಂದೆ. ಸರಿ, ಸ್ಟೂಲು ಇಲ್ಲಿ ಕೊಡು ಎಂದಳು.

ಬೆಳಗ್ಗೆ ಇಬ್ಬರೂ ಒಟ್ಟಿಗೆ ಹೊರಟೆವು. ನಾನು ಕಾಲೇಜಿಗೆ, ಬೈಸಿಕೊಳ್ಳಲು. ಅವಳು ಅಂಗಡಿಗೆ, ಸ್ಟೂಲು ಹಿಡಿದುಕೊಂಡು. ಮ್ಯಾನೇಜರ್ ತಡೆದರೆ ಏನು ಮಾಡುತ್ತೀ ಎಂದು ಕೇಳಿದೆ. ಬಾಯಿಪಾಠ ಮಾಡಿದ್ದನ್ನು ಒಪ್ಪಿಸುವುದಕ್ಕೆ ಕೆಲಸ ಬಿಡುವ ದಿನವೇ ಆಗಬೇಕೆಂದು ಎಲ್ಲಿದೆ ಎಂದಳು. ಬಸ್ಸು ಬಂತು. ಒಂದು ಸೀಟೂ ಖಾಲಿಯಿರಲಿಲ್ಲ, ಜನ ಕಂಬಿಗೆ ಜೋತುಬಿದ್ದಿದ್ದರು. ಅಕ್ಕ ಒಮ್ಮೆ ಸುತ್ತ ನೋಡಿದಳು. ಆಮೇಲೆ ಬಸ್ಸಿನ ನಟ್ಟನಡುವೆ ಸ್ಟೂಲು ಬಿಚ್ಚಿ, ಸೆರಗು ಸರಿಮಾಡಿಕೊಂಡು, ಕೂತಳು. ಟಿಕೆಟ್ಟಿಗೆ ಬಂದ ಕಂಡಕ್ಟರ್ ಅವಳ ಮುಖ ನೋಡಿದ, ಸ್ಟೂಲು ನೋಡಿದ, ಏನೋ ಹೇಳಲು ಬಾಯಿ ತೆರೆದ, ಪಕ್ಕಕ್ಕೆ ಸರಿದು ಮುಂದೆ ಹೋದ.