ಜೊಂಡಿನಾಚೆಯ ದೂರ

ಮಲ್ಲತ್ತಹಳ್ಳಿ ಕೆರೆ ಏರಿಯ ಮೇಲೆ ಲಕ್ಷ್ಮೀಪತಿ ಅರ್ಧ ದಿನ ನಿಂತು, ದೂರ ಅಳೆಯುವ ಎರಡು ಲೇಸರ್ ಯಂತ್ರಗಳನ್ನು ಪರೀಕ್ಷಿಸಿದ್ದ. ಇಪ್ಪತ್ತು ವರ್ಷದ ಗೆಳೆಯ ವೀರಭದ್ರ ಕೇಳಿದ್ದನಲ್ಲ! "ಹಕ್ಕಿ ಎಣಿಸೋಕೆ ನಾನೂ ಬರ್ತೀನಿ ಕಣೋ, ಒಳ್ಳೇದು ಆರಿಸಿಕೊಡು." ಎದುರಿನ ಜೊಂಡನ್ನು ಬಿಟ್ಟು ಆಚೆಯ ಕೊಕ್ಕರೆಯ ದೂರವನ್ನೇ ತೋರಿಸಿದ ಯಂತ್ರವನ್ನು ಆರಿಸಿಕೊಟ್ಟ. ಆ ಮಹಾರಾಯ ಆಮೇಲೆ ಕೆರೆಯ ಕಡೆ ತಲೆ ಹಾಕಲಿಲ್ಲ.

ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡಲು ನಾಗರಬಾವಿಯ ಅವನ ಮನೆಗೆ ಹೋದರೆ, ಬಾಗಿಲಲ್ಲೇ ಅವನ ದನಿ ಕೇಳಿಸಿತು.

"ಪೊದೆ ಹಿಂದಿದ್ದ ಜಿಂಕೆ, ಒಂದೇ ಗುಂಡು! ದೂರ ತೋರಿಸಿದ ಮೆಷಿನ್ ಆರಿಸಿದ್ದು ನಮ್ಮ ಲಕ್ಷ್ಮೀಪತಿ. ಇರುವೆ ಕಂಡ್ರೂ ತುಳೀದೆ ಬಳಸಿಕೊಂಡು ಹೋಗೋನು, ಪಾಪ!"

ಒಳಗಿದ್ದವರೆಲ್ಲ ಗೊಳ್ಳೆಂದು ನಕ್ಕರು.

ಲಕ್ಷ್ಮೀಪತಿ ನೆಟ್ಟಗೆ ಒಳಗೆ ಹೋಗಿ ಪೊಟ್ಟಣವನ್ನು ಅವನ ಕೈಗಿಟ್ಟ.

"ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡು ಅಂತಾರೆ. ನೀನು ನಿಜ ಮಾತಾಡು, ಸಾಕು."