ಮೊಳೆಗೆ ನೇತುಹಾಕಿದ ಕೀ

ಬೈಜನಾಥನ ಮನೆಯಲ್ಲಿ ಕಾರಿನ ಕೀ ಸತ್ತರೆ ತಪ್ಪು ಸೊಸೆಯದೇ ಎಂದು ತೀರ್ಮಾನವಾಗಿ ಮೂರು ತಿಂಗಳಾಗಿತ್ತು. ವಿಚಾರಣೆ ಗಿಚಾರಣೆ ಏನೂ ನಡೆದಿರಲಿಲ್ಲ. ಅತ್ತೆ ಬದುಕಿದ್ದರೆ ಬೈಗುಳದಲ್ಲಿ ಆಕೆಗೂ ಒಂದು ಪಾಲು ಸಲ್ಲುತ್ತಿತ್ತೇನೋ. ಆಕೆ ತೀರಿಕೊಂಡು ಆರು ವರ್ಷವಾಗಿದ್ದರಿಂದ ಅಷ್ಟೂ ಪ್ರನೀತಾಳ ಪಾಲಿಗೇ ಬಂತು.

ಕಾರು ಜಪಾನಿನಲ್ಲಿ ಯಾರೋ ಓಡಿಸಿ ಬಿಟ್ಟದ್ದು. ಹಡಗಿನಲ್ಲಿ ಈ ದ್ವೀಪಕ್ಕೆ ಬಂದು ಲೌಟೋಕಾ ಬಂದರಿನಲ್ಲಿ ಇಳಿದಾಗ ಅದರ ಜೊತೆ ಇದ್ದದ್ದು ಒಂದೇ ಒಂದು ಕೀ, ಅಂಗೈಯಷ್ಟೂ ಇಲ್ಲದ ಕಪ್ಪು ಡಬ್ಬಿ. ಅದು ಜೇಬಿನಲ್ಲಿದ್ದರೆ ಸಾಕು, ಕಾರು ತಾನೇ ಗುರುತು ಹಿಡಿದು ಬಾಗಿಲು ತೆರೆಯುತ್ತದೆ, ಗುಂಡಿ ಒತ್ತಿದರೆ ಹೊರಡುತ್ತದೆ. ಕಷ್ಟಕಾಲಕ್ಕೆಂದು ಆ ಡಬ್ಬಿಯೊಳಗೆ ಇರಬೇಕಾದ ಕಬ್ಬಿಣದ ಕೀಯನ್ನು ಯಾರೋ ಜಪಾನಿನಲ್ಲೇ ಕಳೆದಿದ್ದರು. ಉಳಿದದ್ದು ನಾಣ್ಯದಂಥ ಒಂದು ಸೆಲ್. ಬೇರೆಯವರ ಕೀಯಲ್ಲಿ ವರ್ಷಗಟ್ಟಲೆ ಬಾಳುವ ಸೆಲ್ ಈ ಮನೆಯಲ್ಲಿ ಮೂರು ವಾರ ಬಾಳಿದರೆ ಹೆಚ್ಚು.

"ಗುಡೀಲಿ ಗಂಟೆ ಹೊಡ್ದಂಗೆ ಒತ್ತುತಾಳೆ ಅದನ್ನ," ಎನ್ನುತ್ತಿದ್ದ ಬೈಜನಾಥ, ಸಂಜೆ ಕೂಟದಲ್ಲಿ. "ಸೆಲ್ಲಾದ್ರೂ ಏನ್ ಮಾಡುತ್ತೆ ಪಾಪ."

ಕೂಟ ಸೇರುತ್ತಿದ್ದದ್ದು ಮನೆಯ ಪಕ್ಕದ ತಗಡಿನ ಚಪ್ಪರದಲ್ಲಿ. ಅರ್ಧ ಚಪ್ಪರ ಕಾರಿಗೆ, ಇನ್ನರ್ಧ ನಂಗೋನ ಕುಡಿಯುವುದಕ್ಕೆ. ಚಾಪೆಯ ಮೇಲೆ ಮರದ ದೊಡ್ಡ ಬೋಗುಣಿ, ಅದರಲ್ಲಿ ಬೇರು ಕುಟ್ಟಿ ಕಲಸಿದ, ಮಂಪರು ತರಿಸುವ ಕೆಸರುಬಣ್ಣದ ನೀರು, ಸುತ್ತ ಬೈಜನಾಥ, ಪಕ್ಕದ ಮನೆಯ ಮುನ್ಸಾಮಿ, ಆಚೆ ಹಳ್ಳಿಯ ಸೆರೂ. ಕಾರು ಕೊಂಡದ್ದು ಬೈಜನಾಥನ ಕಬ್ಬಿನ ದುಡ್ಡಿನಲ್ಲಿ, ಹಾಗಾಗಿ ಕೀಯ ಯಜಮಾನಿಕೆಯೂ ಅವನದೇ. ಸಂಜೆ ಸೊಸೆ ಬಂದು ಕೀಯನ್ನು ಅವನ ಕೈಗೆ ಒಪ್ಪಿಸಬೇಕು. ಅವನು ಅದನ್ನು ಕಾರಿನ ಮೂತಿಯಿಂದ ಒಂದು ಮೊಳ ದೂರದ ಕಂಬದಲ್ಲಿ ತಾನೇ ಹೊಡೆದ ಮೊಳೆಗೆ ನೇತುಹಾಕುತ್ತಾನೆ. ಬೆಳಿಗ್ಗೆ ಅವಳು ಅಲ್ಲಿಂದಲೇ ತೆಗೆದುಕೊಳ್ಳಬೇಕು. ಕೂಟದ ಕಣ್ಣೆದುರಿಗಿದ್ದರೆ ಕೀ ಕಳುವಾಗುವುದಿಲ್ಲ ಎಂಬುದು ಅವನ ಲೆಕ್ಕ.

ಪ್ರನೀತಾಳ ಕೆಲಸ ಸಮುದ್ರದ ದಂಡೆಯ ದೊಡ್ಡ ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ, ಕಾರು ಬಂದ ಮೇಲೆ ಬೆಳಿಗ್ಗೆ ಆರರ ಪಾಳಿ. ಊರಿಂದ ಮೊದಲ ಬಸ್ಸು ಆರೂವರೆಗೆ. ಎರಡು ಸಲ ಕೆಲಸದ ದಿನದ ಬೆಳಿಗ್ಗೆಯೇ ಕೀ ಸತ್ತು ಎರಡು ಸಲ ತಡವಾಗಿತ್ತು. ಮೇಲಿನವಳಾದ ಲಿತಿಯಾ ಒಳ್ಳೆಯ ಹೆಂಗಸು. ಒಳ್ಳೆಯವಳಾದ್ದರಿಂದಲೇ ನೇರವಾಗಿ ಹೇಳಿದ್ದಳು: "ಮೂರನೇ ಸಲ ಆದ್ರೆ ನನ್ನ ಕೈಲಿಲ್ಲ ಕಣೇ. ಹೊರಗಡೆ ಸಾಲು ನಿಂತಿದ್ದಾರೆ ನಿನ್ನ ಜಾಗಕ್ಕೆ." ಹತ್ತು ವರ್ಷದ ಕೆಲಸ. ಆ ಮನೆಯಲ್ಲಿ ಪ್ರನೀತಾ ಯಾರ ಮುಂದೆಯೂ ಕೈಯೊಡ್ಡದೆ ಉಸಿರಾಡುತ್ತಿದ್ದದ್ದು ಆ ಕೆಲಸದಿಂದ.

ಕೀ ಸಾಯುವ ಮುನ್ನಿನ ದಿನಗಳಲ್ಲಿ ಕಾರು ಆರಿಸಿದಾಗಲೆಲ್ಲ ಮುಂದಿನ ಪರದೆಯ ಮೇಲೆ ಒಂದು ಸಾಲು ಜಪಾನಿ ಅಕ್ಷರ ಮೂಡುತ್ತಿತ್ತು. ಅದರ ಅರ್ಥವನ್ನು ಬೈಜನಾಥ ಮೊದಲ ತಿಂಗಳೇ ಎಲ್ಲರಿಗೂ ಬಿಡಿಸಿ ಹೇಳಿದ್ದ. "ನಮಸ್ಕಾರ ಹೇಳ್ತಿದೆ ಕಣ್ರಯ್ಯ. ಜಪಾನಿನೋರು ಬಲು ಮರ್ಯಾದಸ್ಥರು." ಮುನ್ಸಾಮಿ ಎದ್ದುನಿಂತು ಕಾರಿಗೆ ಬಗ್ಗಿ ತಿರುಗಿ ನಮಸ್ಕಾರ ಮಾಡಿದ್ದ. ಪ್ರನೀತಾಳೂ ಅಂದು ನಕ್ಕಿದ್ದಳು.

ಒಂದು ಬುಧವಾರ ಹೋಟೆಲಿನಲ್ಲಿ ತಂಗಿದ್ದ ಒಬ್ಬ ಜಪಾನಿ ಮುದುಕಿ ಅಂಗಿಯ ಕಲೆ ಹೋಗುತ್ತದೆಯೇ ಎಂದು ಕೇಳಲು ಒಗೆಯುವ ಕೋಣೆಗೇ ಬಂದಳು. ಕಲೆ ಹೋಯಿತು. ಮುದುಕಿ ಖುಷಿಯಾಗಿದ್ದದ್ದು ನೋಡಿ ಪ್ರನೀತಾ ಧೈರ್ಯ ಮಾಡಿ, ಹಿಂದಿನ ಸಂಜೆ ಫೋನಿನಲ್ಲಿ ತೆಗೆದಿಟ್ಟುಕೊಂಡಿದ್ದ ಪರದೆಯ ಚಿತ್ರ ತೋರಿಸಿದಳು. ಮುದುಕಿ ಕನ್ನಡಕ ಏರಿಸಿ ಓದಿದಳು.

"ಕೀಯೊಳಗಿನ ಸೆಲ್ ಮುಗೀತಾ ಬಂದಿದೆ ಅಂತ."

"ಹೊಸದು ಹಾಕಿ ಇನ್ನೂ ಮೂರು ವಾರ ಆಗಿಲ್ಲಮ್ಮ."

"ಕೀ ಎಲ್ಲಿಡ್ತೀಯ?"

"ಕಾರಿನ ಪಕ್ಕದಲ್ಲೇ. ಮೊಳೆಗೆ."

ಮುದುಕಿ ಹಣೆ ಚಚ್ಚಿಕೊಂಡಳು. "ಪಕ್ಕದಲ್ಲಿ ಇಡಬಾರ್ದು ಮಗಾ. ಹತ್ರ ಇದ್ರೆ ಕಾರು ಕರೀತಾನೇ ಇರುತ್ತೆ, ಕೀ ಓ ಅಂತಾನೇ ಇರುತ್ತೆ. ರಾತ್ರಿಯೆಲ್ಲ ಅದೇ ಕೆಲಸ. ಸೆಲ್ ಬಾಳೋದು ಹೇಗೆ? ಮನೆಯೊಳಗಿಡು. ನಮ್ಮೆಜಮಾನರೂ ಇದೇ ಪೆದ್ದುತನ ಮಾಡ್ತಿದ್ರು."

ಪ್ರನೀತಾಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮೂರು ತಿಂಗಳಿಂದ ಅವಳೇ ತನ್ನ ಬೆರಳುಗಳನ್ನು ನಂಬದ ಹಾಗಾಗಿದ್ದಳು. ಎಲ್ಲೋ ಗೊತ್ತಿಲ್ಲದೆ ಒತ್ತುತ್ತಿದ್ದೇನೇನೋ ಎಂದು ಕೀಯನ್ನು ಹಸಿಮೊಟ್ಟೆಯ ಹಾಗೆ ಹಿಡಿಯುತ್ತಿದ್ದಳು. ಮನೆಗೆ ಬಂದು ಮಾವನಿಗೆ ಕೀ ಒಪ್ಪಿಸಿದವಳೇ ಅಡುಗೆಮನೆಯಲ್ಲಿ ಮರಗೆಣಸಿನ ಸಿಪ್ಪೆ ತೆಗೆಯುತ್ತಿದ್ದ ಗಂಡ ಅವಿನೇಶನಿಗೆ ಒಂದೇ ಉಸಿರಿಗೆ ಎಲ್ಲ ಹೇಳಿದಳು.

"ಹೂಂ," ಎಂದ ಅವಿನೇಶ. "ಇರಬಹುದು."

"ಮಾವನಿಗೆ ನೀವು ಹೇಳ್ತೀರಾ?"

"ಕೇಳ್ಕೊಂಡು ಬಂದೋಳು ನೀನು. ನೀನೇ ಹೇಳು."

"ಈಗಿರೋ ಸೆಲ್ಲೂ ಮುಗೀತಾ ಬಂದಿದೆ ರೀ. ಹೊಸದು ತರಬೇಕು."

"ಅಂಗಡಿ ಮುಚ್ಚಿರುತ್ತೆ ಇಷ್ಟೊತ್ತಿಗೆ. ನಾಳೆ ತರ್ತೀನಿ."

ಅವಳು ಚಪ್ಪರಕ್ಕೆ ಹೋದಳು. ಬೋಗುಣಿಯ ಮುಂದೆ ಕೂತ ಗಂಡಸರಿಗೆ ಹೆಂಗಸು ಬುದ್ಧಿ ಹೇಳುವ ಪದ್ಧತಿ ಆ ಊರಲ್ಲಿಲ್ಲ. ಆದರೂ ನಿಂತೇ ಹೇಳಿದಳು, ತಗ್ಗಿದ ದನಿಯಲ್ಲಿ, ಮುದುಕಿ ಹೇಳಿದ್ದನ್ನು ಹೇಳಿದ ಹಾಗೆ.

ಬೈಜನಾಥ ಕುಡಿಯುತ್ತಿದ್ದ ತೆಂಗಿನ ಚಿಪ್ಪನ್ನು ಕೆಳಗಿಟ್ಟ. "ಅಂದ್ರೆ? ಇದು ಕರೆಯುತ್ತೆ, ಅದು ಓ ಅನ್ನುತ್ತೆ?"

"ಹೌದು ಮಾವ."

"ಕೇಳಿದ್ಯೇನೋ ಮುನ್ಸಾಮಿ? ರಾತ್ರಿಯೆಲ್ಲ ಸರಸ ಅಂತೆ, ನಮ್ಮ ಚಪ್ಪರದಲ್ಲಿ!"

ಮುನ್ಸಾಮಿ ತೊಡೆ ತಟ್ಟಿಕೊಂಡು ನಕ್ಕ. "ಹಂಗಾದ್ರೆ ಮದ್ವೆ ಮಾಡ್ಬಿಡಣ್ಣ, ಮರ್ಯಾದೆ ಪ್ರಶ್ನೆ."

ಸೆರೂ ಮಾತ್ರ ನಗಲಿಲ್ಲ. "ಆ ಹುಡುಗಿ ಹೇಳೋದ್ರಲ್ಲಿ ಏನೋ ಇರಬಹುದು ದೊಡ್ಡಣ್ಣ," ಎಂದ.

ಅಷ್ಟೇ ಸಾಕಾಯಿತು. ತನ್ನ ಚಾಪೆಯ ಮೇಲೆ ಕೂತು, ತನ್ನ ನಂಗೋನ ಕುಡಿದು, ಸೊಸೆಯ ಪಕ್ಷ ಹಿಡಿಯುವುದೇ? ಬೈಜನಾಥ ಎದ್ದು ಮೊಳೆಯಿಂದ ಕೀ ತೆಗೆದು ಕಾರಿನ ಮೂತಿಯ ಮೇಲೆ ಠಪ್ಪೆಂದು ಇಟ್ಟ. "ಇವತ್ತು ಪರೀಕ್ಷೆ ಆಗ್ಲಿ. ರಾತ್ರಿಯೆಲ್ಲ ಇಲ್ಲೇ ಇರ್ಲಿ. ಬೆಳಿಗ್ಗೆ ಬಾಗ್ಲು ತೆರೀತು ಅಂದ್ರೆ ಆ ಮುದುಕಿ ಮಾತು ಇನ್ನೊಂದ್ಸಲ ಈ ಮನೇಲಿ ಬರಕೂಡದು."

"ಮಾವ, ನಾಳೆ ಬೇಡ. ನಾಳೆ ತಡವಾದ್ರೆ ನನ್ನ ಕೆಲಸ ಹೋಗುತ್ತೆ. ಭಾನುವಾರ ಮಾಡೋಣ."

"ಯಾಕೆ, ಭಯಾನಾ? ನಿನ್ನ ಮಾತು ನಿಜ ಅಂತೀಯಲ್ಲ!"

ನಿಜವಾದರೇ ತಾನು ಕೆಡುವುದು ಎಂದು ಆ ಮುದುಕನಿಗೆ ಹೇಗೆ ಹೇಳುವುದು? ಅವಳು ಗಂಡನತ್ತ ನೋಡಿದಳು. ಅವಿನೇಶ ಅಷ್ಟು ಹೊತ್ತಿಗೆ ನೀರಿನ ಬಿಂದಿಗೆ ತಂದಿಟ್ಟು ಚಾಪೆಯ ತುದಿಯಲ್ಲಿ ಕೂತಿದ್ದ. ಚಿಪ್ಪು ಅವನ ಸರದಿಗೆ ಬಂದಿತ್ತು. ಕೂಟದ ರೂಢಿಯಂತೆ ಒಂದು ಚಪ್ಪಾಳೆ ತಟ್ಟಿ ತೆಗೆದುಕೊಂಡ, ಕುಡಿದ, ಮೂರು ತಟ್ಟಿದ. ಉಳಿದವರೂ ತಟ್ಟಿದರು.

ಅವಿನೇಶ ನಡುವೆ ಒಮ್ಮೆ ಒಳಗೆ ಬಂದಾಗ ಅವಳು ಅವನ ಕೈ ಹಿಡಿದುಕೊಂಡೇ ಕೇಳಿದಳು. "ಕೂಟ ಮುಗಿದ ಮೇಲೆ ಕೀ ಒಳಗೆ ತಂದಿಡ್ರೀ. ಮಾವ ಏಳೋಕೆ ಮುಂಚೆ ನಾನೇ ವಾಪಸ್ ಇಡ್ತೀನಿ." ಅವನು ಹೂಂ ಎಂದ. ನಾಲ್ಕೂವರೆಗೆ ಏಳಬೇಕಾದವಳು ಆ ಹೂಂ ನಂಬಿ ಮಲಗಿದಳು.

ಬೆಳಿಗ್ಗೆ ಕೀ ಕಾರಿನ ಮೂತಿಯ ಮೇಲೆ ಇಟ್ಟಲ್ಲೇ ಕೂತಿತ್ತು. ಬಾಗಿಲು ಎಳೆದಳು. ಕೀಯನ್ನು ಹಿಡಿಗೆ ಮುಟ್ಟಿಸಿ ಎಳೆದಳು. ಸೆರಗಿನಲ್ಲಿ ಒರೆಸಿ, ಅಂಗೈಯಲ್ಲಿ ಬಿಸಿ ಮಾಡಿ, ದೇವರ ಹೆಸರು ಹೇಳಿ ಎಳೆದಳು. ಕಾರು ಕಮಕ್ ಕಿಮಕ್ ಎನ್ನಲಿಲ್ಲ.

ಬೈಜನಾಥ ಚಪ್ಪರದ ಚಾಪೆಯಿಂದೆದ್ದು ಬೇವಿನ ಕಡ್ಡಿ ಕಚ್ಚಿಕೊಂಡು ಬಂದು ತಾನೂ ನಾಲ್ಕು ಸಲ ಒತ್ತಿ ನೋಡಿದ. ಉಗುಳಿದ. "ಮೊದಲೇ ನಿನ್ನ ಕೈಲಿ ಸವೆದಿದ್ದ ಸೆಲ್ಲು. ಒಂದು ರಾತ್ರೀಲಿ ಏನು ಗೊತ್ತಾಗುತ್ತೆ?" ಎಂದು ಹಿತ್ತಲಿಗೆ ಹೋದ. ಸೋತವರಿಗೂ ಒಂದು ಲಜ್ಜೆ ಇರುತ್ತದೆ ಎನ್ನುತ್ತಾರೆ. ಇರಬಹುದು, ಬೇರೆ ಊರುಗಳಲ್ಲಿ.

ಅವಳು ಲಿತಿಯಾಗೆ ಫೋನು ಮಾಡಿದಳು. ಲಿತಿಯಾ, "ಬಟ್ಟೆ ಬೀರುವಿನ ನಿನ್ನ ಸಾಮಾನು ತಗೊಂಡು ಹೋಗೋಕೆ ಬಾ ತಂಗಿ," ಎಂದಳು.

ರಸ್ತೆಯ ಬದಿಯಲ್ಲಿ ನಿಂತಿದ್ದವಳ ಹತ್ತಿರ ಅವಿನೇಶ ಬಂದ. ಹೆಗಲ ಮೇಲೆ ಟವೆಲು, ಮುಖದಲ್ಲಿ ನಂಗೋನದ ಮಂಪರು.

"ತರೋಣ ಅಂತಲೇ ಇದ್ದೆ. ಅಪ್ಪ ಅಲ್ಲೇ ಚಾಪೆ ಮೇಲೆ ಮಲ್ಕೊಂಡ್ಬಿಟ್ರು." ಸಮಾಧಾನ ಮಾಡುವವನ ಹಾಗೆ ಸೇರಿಸಿದ: "ನಿನ್ನ ಮಾತು ಸುಳ್ಳು ಅಂತ ನಾನೇನೂ ಅನ್ನಲ್ಲ. ಸೆಲ್ ಮಾರೋ ಅಂಗಡಿಯವನೂ ಹಂಗೇ ಅಂದಿದ್ದ."

ಪ್ರನೀತಾ ತಿರುಗಿದಳು. "ಯಾವಾಗ?"

"ಮೊದಲನೇ ಸೆಲ್ ತಂದಾಗ."

"ಮೂರು ತಿಂಗಳ ಹಿಂದೆ?"

ಅವನು ಟವೆಲಿನ ಅಂಚು ಮಡಿಸುತ್ತ ಬಿಚ್ಚುತ್ತ ನಿಂತ. "ಆ ಮೊಳೆ ಹೊಡೆದೋರು ಅಪ್ಪ. ಕೂಟದ ಮುಂದೆ ಅವರ್ದೇ ತಪ್ಪು ಅಂತ ಹೇಳೋಕಾಗುತ್ತಾ? ನಿಂಗೆ ಬೈದ್ರೆ ನೀನು ಎರಡು ದಿನಕ್ಕೆ ಮರೆತುಬಿಡ್ತೀಯ. ಅಪ್ಪ ಮರೆಯಲ್ಲ."

ಮೂರು ತಿಂಗಳು ಅವಳು ದ್ವೇಷಿಸಿದ್ದು ಆ ಮುದುಕನನ್ನು. ಪಾಪ, ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ದಿನಾ ಅವಳ ಪಕ್ಕದಲ್ಲಿ ಮಲಗಿ, ಅವಳು ಅತ್ತಾಗ ಬೆನ್ನು ಸವರಿ, ಮೂರು ವಾರಕ್ಕೊಮ್ಮೆ ಬಾಯಿ ಮುಚ್ಚಿಕೊಂಡು ಹೊಸ ಸೆಲ್ ತಂದು ಕೊಟ್ಟಿದ್ದ. ಅದನ್ನು ಅವಳು ಪ್ರೀತಿ ಅಂದುಕೊಂಡಿದ್ದಳು.

ಬಸ್ಸು ಬಂತು. ಅವಳು ಮೆಟ್ಟಿಲ ಮೇಲೆ ಕಾಲಿಟ್ಟಳು.

"ಸಾಮಾನು ತಗೊಂಡು ಬೇಗ ಬಂದುಬಿಡ್ತೀಯ ತಾನೇ?" ಅವಿನೇಶ ಕೆಳಗಿನಿಂದ ಕೇಳಿದ. "ಅಪ್ಪ ಕೇಳಿದ್ರೆ ಏನು ಹೇಳ್ಲಿ?"

"ಬರೋದು ಬಿಡೋದು ನಂಗೆ ಗೊತ್ತು. ಗೊತ್ತಿದ್ದೂ ಹೇಳದೆ ಇರೋದು ನಿನಗೊಬ್ಬನಿಗೇ ಬರುತ್ತೇನೋ?" ಎಂದು ಪ್ರನೀತಾ ಒಳಗೆ ಹೋಗಿ ಕೂತಳು.