ಶಾಲೆಯ ಮೂರು ಸೀರೆ

ಆಂಧ್ರ ಬೇರೆ ರಾಜ್ಯವಾದ ಮರುವರ್ಷದ ಮಾತು. ಕೌತಾಳಂನ ಗಾದಿಲಿಂಗಮ್ಮನಿಗೆ ಆದೋನಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದನೇ ತರಗತಿಯ ಟೀಚರ್ ಕೆಲಸ ಸಿಕ್ಕಿತು. ಮನೆಯವರೆಲ್ಲ ಬಸ್ಸು, ಬುತ್ತಿ ಅಂತ ಮಾತಾಡುತ್ತಿದ್ದರೆ ಆಕೆಗೆ ಮಾತ್ರ ಉಡುವುದೇನು ಅನ್ನುವ ಚಿಂತೆ ಹತ್ತಿತು. ಟ್ರಂಕು ತೆಗೆದು ನೋಡಿದಳು. ಮದುವೆಯಲ್ಲಿ ಬಂದ ಹಸಿರು, ಕೆಂಪು, ಅರಿಶಿನ ಬಣ್ಣದ ಸೀರೆಗಳು ತಳದಲ್ಲಿ ಮಡಿಕೆ ಮುರಿಯದೆ ಕೂತಿದ್ದವು. ಮಗಳು ಈರಮ್ಮ ಹುಟ್ಟಿದ ಮೂರನೇ ತಿಂಗಳಿಗೆ ಗಂಡ ಆಂಜಿನಪ್ಪ ವಿಷಮಜ್ವರ ಬಂದು ತೀರಿಕೊಂಡಿದ್ದ. ಆ ಬಣ್ಣದ ಸೀರೆಗಳನ್ನು ಇನ್ನು ಉಡುವ ಹಾಗಿರಲಿಲ್ಲ. ಮನೆಯಲ್ಲಿ ಉಟ್ಟು ಉಟ್ಟು ಮೆತ್ತಗಾದ ಮೂರು ಹಳೆಯ ಸೀರೆ ಮಾತ್ರ ಉಳಿದಿದ್ದವು. ಅವುಗಳ ಸೆರಗಿನ ತುಂಬ ಕೂಸಿನ ಜೊಲ್ಲು, ಹಾಲು, ಅಂಬಲಿಯ ಕಲೆ. ಅಂಥದ್ದು ಉಟ್ಟು ಕರಿಹಲಗೆಯ ಮುಂದೆ ನಿಂತರೆ ಮಕ್ಕಳು ನಗದೆ ಬಿಡುತ್ತಾರೆಯೇ?

ಆಕೆಯ ಅಪ್ಪ ಕೋಸಗಿಯಲ್ಲಿ ಮಾಸ್ತರನಾಗಿದ್ದವನು. ಮದುವೆಗೆ ಮುಂಚೆ ಮಗಳನ್ನು ಬಳ್ಳಾರಿಗೆ ಕಳಿಸಿ ಟ್ರೈನಿಂಗ್ ಮಾಡಿಸಿದ್ದ. ಹೊಲದಲ್ಲಿ ಹತ್ತಿ ಬಿಡಿಸುವ ಹೆಣ್ಣಿಗೆ ಟ್ರೈನಿಂಗ್ ಯಾತಕ್ಕೆ ಎಂದು ಆಗ ನಕ್ಕವರೇ ಈಗ ‘ನೋಡ್ರಿ, ಕೈಗೆ ಬಂತು’ ಅಂದರು. ಭಾವ ಜಂಬಯ್ಯ ಒಳ್ಳೆಯವನು, ತಮ್ಮನ ಹೆಂಡತಿಗೆ ಒಂದು ದಿನವೂ ಎದುರು ಆಡಿದವನಲ್ಲ. ಆದರೂ ಗಂಡ ಹೋದಮೇಲೆ ಆ ಮನೆಯಲ್ಲಿ ಉಣ್ಣಲು ಕೂತರೆ ಇನ್ನೊಂದು ರೊಟ್ಟಿ ಕೇಳಲು ಆಕೆಗೆ ಬಾಯಿ ಬರುತ್ತಿರಲಿಲ್ಲ. ನಾಳೆ ಮಗಳಿಗೂ ಹಾಗಾಗಬಾರದು ಅನ್ನುವ ಹಟದಿಂದ ಕೆಲಸ ಹಿಡಿದಳು.

ಸೀರೆ ಕೊಳ್ಳಲು ಆದೋನಿಗೆ ಹೋದಾಗ ಜೊತೆಗೆ ಬಂದವಳು ನೆಗೆಣ್ಣಿ, ಅಂದರೆ ಜಂಬಯ್ಯನ ಹೆಂಡತಿ ಉರುಕುಂದಮ್ಮ. ಮದುವೆಯಾಗಿ ಬಹಳ ವರ್ಷವಾದರೂ ಆಕೆಗೆ ಮಕ್ಕಳಿರಲಿಲ್ಲ. ಹರಕೆ ಹೊತ್ತು ಸಾಕಾಗಿ ಬಿಟ್ಟಿದ್ದಳು. ಅಂಗಡಿಯಲ್ಲಿ ಆಕೆ ಮೊದಲು ಕೈ ಹಾಕಿದ್ದು ಮಾವಿನಕಾಯಿ ಅಂಚಿನ ಬಿಳಿ ಸೀರೆಗೆ.

“ಇದು ತೊಗೊ ತಂಗಿ. ಟೀಚರಮ್ಮ ಅಂದ್ರ ಹಿಂಗಿರಬೇಕು.”

“ಬಿಳೇದು ಬ್ಯಾಡಕ್ಕಾ. ಒಂದು ಮಳಿ ಆದ್ರ ನಮ್ಮೂರ ಎರಿಮಣ್ಣು ಮೊಣಕಾಲ್ತನ ಹತ್ತತೈತಿ. ದಿನಾ ಒಗಿಯೋರು ಯಾರು?”

ಗಾದಿಲಿಂಗಮ್ಮ ಎಲ್ಲವನ್ನೂ ಬೆರಳಲ್ಲಿ ಹಿಂಡಿ, ಬೆಳಕಿಗೆ ಹಿಡಿದು ನೋಡಿದಳು. ಸೀಮೆಸುಣ್ಣದ ಪುಡಿ ಬಿದ್ದರೆ ಕಾಣಬಾರದು, ಬಸ್ಸಿನ ಧೂಳು ಕೂತರೆ ಕಾಣಬಾರದು, ರಾತ್ರಿ ಒಗೆದರೆ ಬೆಳಗ್ಗೆ ಒಣಗಿರಬೇಕು, ಇನ್‌ಸ್ಪೆಕ್ಟರು ಬಂದ ದಿನವೂ ಒಪ್ಪಬೇಕು, ಯಾರದಾದರೂ ಮದುವೆಗೆ ಹೋದರೂ ನಡೆಯಬೇಕು. ಕೊನೆಗೆ ಎಮ್ಮಿಗನೂರು ಮಗ್ಗದ ಮೂರು ಸೀರೆ ಆರಿಸಿದಳು: ಬೂದಿ ಬಣ್ಣದ್ದೊಂದು, ನಶ್ಯದ ಬಣ್ಣದ್ದೊಂದು, ಕಪ್ಪು ಅನ್ನುವಷ್ಟು ಕಡುನೀಲಿಯದೊಂದು. “ರಂಗು ಪೋದಮ್ಮಾ”, ಬಣ್ಣ ಹೋಗುವುದಿಲ್ಲ ಅಂತ ಅಂಗಡಿಯವನು ಆಣೆ ಇಟ್ಟು ಹೇಳಿದ. ಬಣ್ಣ ಬಿಡಲಿಲ್ಲ, ಅವನ ಮಾತು ನಿಜವೇ. ಎರಡು ಜಂಪರು ಹೊಲಿಸಿದಳು, ಯಾವುದಕ್ಕೆ ಯಾವ ಸೀರೆ ಉಟ್ಟರೂ ಹೊಂದುವಂತೆ. ಮೂರರಲ್ಲಿ ಒಂದು ಮೈಮೇಲೆ, ಒಂದು ಹಗ್ಗದ ಮೇಲೆ, ಒಂದು ಕೌದಿಯ ಕೆಳಗೆ ಇಸ್ತ್ರಿಯಾಗುತ್ತ ಇರಬೇಕು. ಇದು ಆಕೆಯ ಏರ್ಪಾಡು. ಹೆಡ್‌ಮಿಸ್ಟ್ರೆಸ್ ಆದಿಲಕ್ಷ್ಮಿಯವರು ಮೊದಲ ದಿನವೇ ಮೇಲಿಂದ ಕೆಳಗೆ ನೋಡಿ, “ಇದಿ ಚಾಲು. ರೋಜೂ ಕೊತ್ತದಿ ಅಕ್ಕರಲೇದು, ಶುಭ್ರಂಗಾ ಉಂಟೇ ಚಾಲು” ಅಂದರು. ದಿನಾ ಹೊಸದು ಬೇಡ, ಶುಭ್ರವಾಗಿದ್ದರೆ ಸಾಕು ಅಂದದ್ದು ಕೇಳಿ ಗಾದಿಲಿಂಗಮ್ಮ ಪರೀಕ್ಷೆ ಪಾಸಾದವಳ ಹಾಗೆ ಹಿಗ್ಗಿದಳು.

ಇಷ್ಟೆಲ್ಲ ಜಾಣತನ ಮಾಡಿದ ಹೆಂಗಸು ಒಂದನ್ನು ಯೋಚಿಸಲಿಲ್ಲ. ಶಾಲೆಗೆ, ಬಸ್ಸಿಗೆ, ಇನ್‌ಸ್ಪೆಕ್ಟರಿಗೆ, ಮದುವೆಗೆ ಎಲ್ಲಕ್ಕೂ ಸೀರೆ ಇತ್ತು. ನೆಲದ ಮೇಲೆ ಕೂತು ಕೂಸನ್ನು ತೊಡೆಯ ಮೇಲೆ ಹಾಕಿಕೊಳ್ಳುವುದಕ್ಕೆ ಒಂದನ್ನೂ ಇಟ್ಟುಕೊಳ್ಳಲಿಲ್ಲ. ಹಳೆಯ ಮೂರನ್ನೂ ಕೊಟ್ಟುಬಿಟ್ಟಳು. ಕೊಟ್ಟದ್ದಕ್ಕೆ ಕಾರಣವಿತ್ತು.

ಈರಮ್ಮನಿಗೆ ಆಗ ಹನ್ನೊಂದು ತಿಂಗಳು. ಮೊಲೆ ಬಿಡಿಸಬೇಕಾಗಿತ್ತು. ಆ ಕಡೆ ಕೂಸಿಗೆ ಮೊಲೆ ಬಿಡಿಸುವಾಗ ತಾಯಿಯನ್ನು ಒಂದಷ್ಟು ದಿನ ಮರೆ ಮಾಡುತ್ತಾರೆ. ತಾಯಿ ಉಟ್ಟು ಬಿಟ್ಟ, ಒಗೆಯದ ಸೀರೆಯನ್ನು ಮನೆಯ ಇನ್ನೊಬ್ಬ ಹೆಂಗಸು ಉಟ್ಟುಕೊಂಡು ಕೂಸಿನ ಪಕ್ಕ ಮಲಗುತ್ತಾಳೆ. ಕತ್ತಲಲ್ಲಿ ಕೂಸು ವಾಸನೆ ಹಿಡಿದು ಸುಮ್ಮನಾಗುತ್ತದೆ, ಹಾಲು ಸಿಗದಿದ್ದರೂ ತಾಯಿ ಸಿಕ್ಕಳು ಅಂತ ನಿದ್ದೆ ಹೋಗುತ್ತದೆ. ನಾಲ್ಕಾರು ದಿನಕ್ಕೆ ಮೊಲೆ ಮರೆತ ಮೇಲೆ ತಾಯಿ ತನ್ನ ಸೀರೆ ತಾನು ತೆಗೆದುಕೊಳ್ಳುತ್ತಾಳೆ. ಇದು ಎಲ್ಲರ ಮನೆಯಲ್ಲೂ ನಡೆಯುವುದೇ.

ಗಾದಿಲಿಂಗಮ್ಮ ತೆಗೆದುಕೊಳ್ಳಲಿಲ್ಲ. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ದೀಪ ಹಚ್ಚಿದ ಮೇಲೆ ಬರುವವಳು ಆಕೆ. ಹಗಲೆಲ್ಲ ಕೂಸು ಅಳಬಾರದಲ್ಲ? ಒಂದು ಸೀರೆ ಜೋಲಿ ಕಟ್ಟಲು ಆಯಿತು, ಇನ್ನೆರಡನ್ನು ಉರುಕುಂದಮ್ಮ ಅದಲು ಬದಲು ಉಡಲಿ ಅಂದಳು.

“ನೀನು ಉಟ್ಕೊ ಅಕ್ಕಾ. ನಾನಾದ್ರೇನು, ನೀನಾದ್ರೇನು. ಕೂಸು ಅಳದಿದ್ರ ಸಾಕು.”

ಕೂಸು ಅಳಲಿಲ್ಲ. ಅತ್ತವಳು ಗಾದಿಲಿಂಗಮ್ಮ. ಮೊದಮೊದಲು ಅಆಇಈ ಹೇಳಿಕೊಡುವಾಗ ಹಿಂದಿನ ಬೆಂಚಿನಲ್ಲಿ ಯಾವುದಾದರೂ ಮಗು ‘ಅವ್ವಾ’ ಅಂತ ಅತ್ತರೆ ಆಕೆಯ ಎದೆ ಒಸರಿಬಿಡುತ್ತಿತ್ತು. ಜಂಪರಿನ ಒಳಗೆ ಹಳೆ ಬಟ್ಟೆ ಮಡಚಿ ಇಟ್ಟುಕೊಳ್ಳುತ್ತಿದ್ದಳು. ಆ ದಿನಗಳಲ್ಲಿ ಕಡುನೀಲಿ ಸೀರೆಯನ್ನೇ ಹೆಚ್ಚು ಉಟ್ಟಳು, ಅದರಲ್ಲಿ ಒದ್ದೆ ಕಾಣುತ್ತಿರಲಿಲ್ಲ. ಒಂದನೇ ತರಗತಿಯ ಹುಡುಗಿಯರು ಆಕೆಯ ನೆರಿಗೆ ಹಿಡಿದು ಜಗ್ಗುತ್ತಿದ್ದರು, ಮೂಗು ಒರೆಸಿಕೊಳ್ಳುತ್ತಿದ್ದರು. ಅವರಿಗೆ ಬೈಯಲು ಆಕೆಗೆ ಮನಸ್ಸಾಗುತ್ತಿರಲಿಲ್ಲ.

ಬೈದದ್ದು ತನ್ನ ಮಗಳಿಗೆ. ಬೆಳಗ್ಗೆ ಬಸ್ಸಿನ ಅವಸರದಲ್ಲಿ ಸೀರೆ ಉಟ್ಟು ನಿಂತಾಗ ಈರಮ್ಮ ಬೆಲ್ಲದ ಕೈಯಲ್ಲಿ ಅಂಬೆಗಾಲಿಕ್ಕುತ್ತ ಬಂದರೆ “ಮುಟ್ಟಬ್ಯಾಡವ್ವಾ, ಸಾಲಿ ಸೀರಿ ಇದು, ಹೊಲಸಾಕ್ಕೈತಿ” ಅಂತ ಹಿಂದೆ ಸರಿಯುತ್ತಿದ್ದಳು. ಸಂಜೆ ಬಂದಾಗಲೂ ಅದೇ ಸೀರೆ. ಬದಲಿಸಲು ಹಳೆಯದಿಲ್ಲ, ಉಳಿದೆರಡು ನಾಳೆ ನಾಳಿದ್ದಿನ ಶಾಲೆಗೆ. ಕೈಕಾಲು ತೊಳೆದು ರೊಟ್ಟಿ ಬಡಿದು ಬರುವಷ್ಟರಲ್ಲಿ ಕೂಸು ಜೋಲಿಯಲ್ಲಿ ಮಲಗಿರುತ್ತಿತ್ತು. ಮಕ್ಕಳು ಬಹಳ ಬೇಗ ಕಲಿಯುತ್ತಾರೆ. ಆ ಬಣ್ಣದ ಸೀರೆಗಳಲ್ಲಿ ಇರುವಾಕಿ ಮುಟ್ಟಬಾರದವಳು ಅನ್ನುವುದನ್ನು ಈರಮ್ಮ ನಡೆಯುವುದಕ್ಕಿಂತ ಮೊದಲೇ ಕಲಿತಳು.

ಮಾತು ಬಂದಾಗ ಉರುಕುಂದಮ್ಮನನ್ನು ‘ಅವ್ವ’ ಅಂದಳು. ಮೊದಲ ದಿನ ಮನೆಯೆಲ್ಲ ನಕ್ಕಿತು. ಉರುಕುಂದಮ್ಮ ಹೆದರಿ, “ನಾ ದೊಡ್ಡವ್ವ ಅನ್ನವ್ವಾ, ದೊಡ್ಡವ್ವ” ಅಂತ ತಿದ್ದಿದಳು. ಬಾಯಿ ತಿದ್ದುತ್ತಿತ್ತು, ಮುಖ ಮಾತ್ರ ದೀಪ ಹಚ್ಚಿದ ಹಾಗೆ ಆಗಿತ್ತು, ಅದನ್ನು ಗಾದಿಲಿಂಗಮ್ಮ ನೋಡಿದಳು. ಸಿಟ್ಟು ಬಂತು. ಆದರೆ ಯಾರ ಮೇಲೆ ಸಿಟ್ಟಾಗುವುದು? ಆಕೆಯನ್ನು ಓಣಿಯವರೆಲ್ಲ ಟೀಚರಮ್ಮ ಅನ್ನುತ್ತಿದ್ದರು. ಮಗಳೂ ಅವರ ಮಾತು ಕೇಳಿ ‘ಟೀಚಮ್ಮ’ ಅಂದಳು.

ಬೇಸಿಗೆ ರಜೆ ಬಂದರೆ ಎಲ್ಲ ನೆಟ್ಟಗಾಗುತ್ತದೆ ಅಂತ ಆಕೆ ದಿನ ದೂಡಿದಳು. ರಜೆ ಬಂತು. ಮೊದಲ ಬೆಳಗ್ಗೆಯೇ ನೆಗೆಣ್ಣಿಯ ಹತ್ತಿರ ಹೋಗಿ ತಲೆ ತಗ್ಗಿಸಿ ನಿಂತಳು.

“ಅಕ್ಕಾ, ನನ್ನ ಹಳೇ ಸೀರಿ ಕೊಡ್ತೀಯಾ?”

ಉರುಕುಂದಮ್ಮ ಒಳಗೆ ಹೋಗಿ ಉಟ್ಟಿದ್ದನ್ನೇ ಬಿಚ್ಚಿ ತಂದುಕೊಟ್ಟಳು. ಗಾದಿಲಿಂಗಮ್ಮ ಅದನ್ನು ಉಟ್ಟು ಒಲೆಯ ಮುಂದೆ ಬೆನ್ನು ಹಾಕಿ ಕೂತಳು. ಹೊರಗೆ ಆಡುತ್ತಿದ್ದ ಈರಮ್ಮ ಓಡಿಬಂದು ‘ಅವ್ವಾ’ ಅಂತ ಹಿಂದಿನಿಂದ ಕುತ್ತಿಗೆಗೆ ಜೋತುಬಿದ್ದಳು, ಕೆನ್ನೆಯನ್ನು ಬೆನ್ನಿಗೆ ಒತ್ತಿ ಹಿಡಿದಳು. ಒಂದು ವರ್ಷದಲ್ಲಿ ಮಗಳು ತಾನಾಗಿ ಆಕೆಯನ್ನು ಅಪ್ಪಿಕೊಂಡದ್ದು ಅದೇ ಮೊದಲು. ಗಾದಿಲಿಂಗಮ್ಮನಿಗೆ ಉಸಿರಾಡಲೂ ಭಯವಾಯಿತು. ಹಾಗೇ ಇದ್ದಿದ್ದರೆ ಚೆನ್ನಾಗಿತ್ತು. ತಡೆಯಲಾರದೆ ತಿರುಗಿ “ಏನವ್ವಾ ಈರಿ” ಅಂದಳು.

ಮುಖ ಕಂಡದ್ದೇ ತಡ, ಮಗು ಚೀರಿತು. ಕಳ್ಳರನ್ನು ಕಂಡ ಹಾಗೆ ಚೀರಿತು. ಸೀರೆಯನ್ನೂ ಮುಖವನ್ನೂ ಸರತಿಯಿಂದ ನೋಡುತ್ತ ಹಿಂದೆ ಹಿಂದೆ ಸರಿದು, ಹಿತ್ತಲಲ್ಲಿದ್ದ ಉರುಕುಂದಮ್ಮನ ಕಾಲು ತಬ್ಬಿ ಅತ್ತಿತು.

ಆವತ್ತು ಸಂಜೆ ಉರುಕುಂದಮ್ಮ ಗಂಟು ಕಟ್ಟಿದಳು.

“ತಪ್ಪು ನಂದೈತಿ ತಂಗಿ. ಆಸಿ ಪಟ್ಟೆ. ನಾ ನಂದವರಂ ಊರಿಗೆ, ನಮ್ಮಣ್ಣನ ಮನಿಗೆ ಹೋಗಿ ಒಂದು ತಿಂಗಳು ಇರ್ತೀನಿ. ಮೊಲಿ ಮರೆತಂಗ ಕೂಸು ನನ್ನೂ ಮರೀತೈತಿ. ನೀ ಮಗ್ಗಲಾಗ ಹಾಕ್ಕೊಂಡು ಮಲಗು.”

ಬೇಡ ಅನ್ನಬೇಕಾಗಿತ್ತು. ಗಾದಿಲಿಂಗಮ್ಮ ಅನ್ನಲಿಲ್ಲ. ಹೋಗಲಿ, ಹೋದರೆ ನನ್ನ ಮಗಳು ನನಗೆ ಬರುತ್ತಾಳೆ ಅಂತ ಆಕೆಯ ಜೀವವೆಲ್ಲ ಒಳಗೆ ಕೂಗುತ್ತಿತ್ತು. ನೆಗೆಣ್ಣಿ ಮಗು ಕಾಣದ ಹಾಗೆ ಹಿತ್ತಲ ಬಾಗಿಲಿಂದ ಹೋದಳು.

ಈರಮ್ಮ ಹೊಸ್ತಿಲಲ್ಲಿ ಕೂತಳು. ಅಂಬಲಿ ಕೊಟ್ಟರೆ ಬಾಯಿ ಮುಚ್ಚಿಕೊಂಡಳು, ಬೆಲ್ಲ ಕೊಟ್ಟರೆ ಎಸೆದಳು. ಎತ್ತಿಕೊಂಡರೆ ಕೊರಡಿನ ಹಾಗೆ ಬಿಗಿದುಕೊಳ್ಳುತ್ತಿದ್ದಳು. ಮರುದಿನ ಅಳು ನಿಂತಿತು, ಅದಕ್ಕಿಂತ ಅಳುವುದೇ ವಾಸಿಯಿತ್ತು. ರಸ್ತೆಯ ಕಡೆ ನೋಡುತ್ತ ಮೆಲ್ಲಗೆ ‘ಅವ್ವ, ಅವ್ವ’ ಅನ್ನುತ್ತಿದ್ದಳು, ಯಾರಿಗೂ ಕೇಳಿಸಬೇಕು ಅಂತಲ್ಲ. ಪಕ್ಕದಲ್ಲೇ ಹಳೆಯ ಸೀರೆ ಉಟ್ಟು ಕೂತಿದ್ದ ಗಾದಿಲಿಂಗಮ್ಮ ಪ್ರತಿ ಸಲವೂ “ಇಲ್ಲೇ ಅದೀನವ್ವಾ” ಅಂದಳು. ಮಗು ಒಂದು ಸಲವೂ ಆಕೆಯ ಕಡೆ ತಿರುಗಲಿಲ್ಲ. ಹೊತ್ತು ಮುಳುಗುವಾಗ ಮೈ ಸುಡತೊಡಗಿತು. ಅತ್ತೆ ಮೂಕಮ್ಮ ಮೊಮ್ಮಗಳ ಹಣೆ ಮುಟ್ಟಿ ನೋಡಿ, ಸೊಸೆಯ ಮುಖ ನೋಡಿ, ಒದ್ದೆ ಬಟ್ಟೆ ತರಲು ಎದ್ದಳು.

ಬೆಳಗಾಗುತ್ತಲೇ ಗಾದಿಲಿಂಗಮ್ಮ ಮಗಳನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದಳು. ಆದೋನಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿದು ನಂದವರಂ ಸೇರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಉರುಕುಂದಮ್ಮ ಅಣ್ಣನ ಮನೆಯ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದಳು. ಆಕೆಯೂ ಉಂಡವಳ ಹಾಗೆ ಕಾಣಲಿಲ್ಲ. ಈರಮ್ಮ ಕಂಡಳು, ತಾಯಿಯ ಹೆಗಲಿಂದ ಹಾರಿಯೇ ಬಿಟ್ಟಳು, ಗಾದಿಲಿಂಗಮ್ಮ ಹಿಡಿಯದಿದ್ದರೆ ಬೀಳುತ್ತಿದ್ದಳು. ನೆಲಕ್ಕೆ ಇಳಿಸಿದಳು. ಮಗು ಓಡಿ ಹೋಗಿ ಉರುಕುಂದಮ್ಮನ ಮಡಿಲಲ್ಲಿ ಮುಖ ಹುದುಗಿಸಿತು.

ಉರುಕುಂದಮ್ಮ ಎರಡೂ ಕೈ ಮೇಲಕ್ಕೆತ್ತಿದಳು, ಮುಟ್ಟಿದರೆ ಕದ್ದಂತಾಗುತ್ತದೆಯೇನೋ ಅನ್ನುವ ಹಾಗೆ.

“ಅಲ್ಲವ್ವಾ, ಆಕಿ ನಿಮ್ಮವ್ವ. ನಾ ದೊಡ್ಡವ್ವ. ನೋಡಲ್ಲಿ, ಅವ್ವ ಬಂದಾಳ.”

“ಬ್ಯಾಡಕ್ಕಾ,” ಅಂದಳು ಗಾದಿಲಿಂಗಮ್ಮ. “ಎಷ್ಟು ಸಲ ಮರೀಬೇಕು ಅದು? ಒಂದು ಸಲ ನನ್ನ ಮರೀಲಿ ಅಂತ ನಾನೇ ಮಾಡಿದೆ. ಮತ್ತ ನಿನ್ನ ಮರೀಲಿ ಅಂದ್ರ ಸತ್ತ ಹೋಕ್ಕೈತಿ. ಎತ್ಕೊ.”

ಉರುಕುಂದಮ್ಮ ಎತ್ತಿಕೊಂಡಳು. ಸೆರಗಿನಲ್ಲಿ ಮಗುವನ್ನು ಮುಚ್ಚಿ ಗೊಳೋ ಅಂತ ಅತ್ತಳು. ಗಾದಿಲಿಂಗಮ್ಮ ಅಳಲಿಲ್ಲ. ಒಳಗಿನವರು ಕೊಟ್ಟ ನೀರು ಕುಡಿದು, ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತಳು. ಸ್ವಲ್ಪ ಹೊತ್ತಿನಲ್ಲಿ ಮಗು ಅಂಬಲಿ ಕುಡಿಯಿತು, ಕಣ್ಣು ತೆರೆದು ಅತ್ತಿತ್ತ ನೋಡಿತು. ಹಿಂದಿನ ಎರಡು ದಿನ ತನ್ನನ್ನು ಹಿಡಿದಿಟ್ಟವಳು ಅಲ್ಲೇ ಕೂತದ್ದು ಕಂಡು ಉರುಕುಂದಮ್ಮನ ಕುತ್ತಿಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು. ಇವಳು ಮತ್ತೆ ಕರೆದೊಯ್ಯುತ್ತಾಳೆ ಅನ್ನುವ ಭಯ ಆ ಕಣ್ಣಿನಲ್ಲಿತ್ತು. ಆ ಭಯವನ್ನು ಮಾತ್ರ ತಾಯಿಗೆ ನೋಡಲಾಗಲಿಲ್ಲ.

“ಹೆದರಬ್ಯಾಡ ಈರಿ,” ಅಂದಳು. “ನಾ ನಿಮ್ಮ ಚಿಗವ್ವ, ನಿಮ್ಮವ್ವನ ತಂಗಿ. ಅವ್ವನ ಕೂಡ ನಿನ್ನನ್ನೂ ಮನಿಗೆ ಕರಕೊಂಡು ಹೋಗಾಕ ಬಂದೀನಿ.”

ಉರುಕುಂದಮ್ಮ “ತಂಗೀ” ಅಂತ ಬಾಯಿ ತೆರೆದಳು. ಗಾದಿಲಿಂಗಮ್ಮ ಕೈಸನ್ನೆ ಮಾಡಿ ಸುಮ್ಮನಿರಿಸಿದಳು.

ಮಗು ಬಹಳ ಹೊತ್ತು ಆಕೆಯ ಮುಖ ನೋಡಿತು. ಆಮೇಲೆ ಮಡಿಲಿಂದ ಜಾರಿ, ಒಂದು ಕೈಯಲ್ಲಿ ಉರುಕುಂದಮ್ಮನ ಸೆರಗು ಬಿಡದೆ, ಕಟ್ಟೆಯ ಮೇಲೆ ಎರಡು ಹೆಜ್ಜೆ ಈಚೆ ಬಂತು.

“ಚಿಗವ್ವ,” ಅಂದಿತು.

“ಓ,” ಅಂತ ಗಾದಿಲಿಂಗಮ್ಮ ಓಗೊಟ್ಟಳು.